'ಎಲ್' ಮತ್ತು 'ಎ' ನಡುವಿನ ಸಂದು

ಆಗಸ್ಟ್ 22, ಮಂಗಳವಾರ

ಸಾನ್ ತೆಲ್ಮೋ ಪುರಸಭೆಯ ಮೂರು ಕಿಟಕಿಗಳಲ್ಲಿ ನನ್ನ ಹೆಸರು ಬರೆದುಕೊಂಡರು. ಮೊದಲನೆಯದರಲ್ಲಿ ಜೋವಿತಾ, ಎರಡನೆಯದರಲ್ಲಿ ಜೋವೆನ್, ಮೂರನೆಯದರಲ್ಲಿ ಬರೀ ಮನಲಸ್ತಾಸ್. ಜೋವಿತ್ ಅಂತ ತಿದ್ದಿ ಅನ್ನಲು ಬಾಯಿ ಬರಲಿಲ್ಲ. ಆರು ವರ್ಷ ಪಾದ್ರಿಗಳ ಹಾಸ್ಟೆಲಿನಲ್ಲಿ ಓದಿದವನು ನಾನು. ಅಲ್ಲಿ ದೊಡ್ಡವರು ಹೆಸರು ತಪ್ಪಾಗಿ ಕರೆದರೆ ನಾವೇ ಆ ಹೆಸರಿನವರಾಗುತ್ತಿದ್ದೆವು. ಊರ ಭಾಷೆ ಆಡಿದವರ ಕೊರಳಿಗೆ ಮರದ ಬಿಲ್ಲೆ ಬೀಳುತ್ತಿತ್ತು. ಅದಕ್ಕೇ ಹೆದರಿದಾಗೆಲ್ಲ ನನ್ನ ಬಾಯಲ್ಲಿ ಇಂಗ್ಲಿಷ್ ಬರುತ್ತದೆ. ಇವತ್ತು ನೀರಿನ ಕ್ಯಾನ್ ಹೊತ್ತು ಬಂದವನಿಗೂ ಎದ್ದು ನಿಂತು ಗುಡ್ ಮಾರ್ನಿಂಗ್ ಸರ್ ಅಂದೆ. ಅವನು ತನ್ನ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿದ.

ಇಲ್ಲಿಯ ಮೇಯರಮ್ಮ, ಮೇಯೋರಾ ಕೊನ್ಸಿಂಗ್ ಲಗುಂದಿನೊ ಅವರ ಸ್ಕಾಲರ್‌ಶಿಪ್ಪಿನಲ್ಲಿ ಓದುವವರು ಪ್ರತಿ ಸೆಮಿಸ್ಟರ್ ಪುರಸಭೆಯಲ್ಲಿ ನೂರು ಗಂಟೆ ದುಡಿಯಬೇಕು. ಆಮೇಲೆ ನವೀಕರಣದ ಅರ್ಜಿಗೆ ಡಿಸೆಂಬರ್ ಒಂದರೊಳಗೆ ಮೇಯೋರಾ ಕೈಯಾರೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಕಾಲೇಜಿಲ್ಲ. ಸರೋವರದಂಚಿನ ನನ್ನೂರು ಪುಂತಾಗೆ ಹಿಂತಿರುಗಿ ಅಮ್ಮನ ಪಕ್ಕ ಕೂತು ಮೀನಿಗೆ ಉಪ್ಪು ಸವರುವುದು. ಅರ್ಜಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ದಿಂಬಿನ ಕೆಳಗೆ ಇಟ್ಟಿದ್ದೇನೆ.

ನನ್ನನ್ನು ವಾರ್ತಾ ಕಚೇರಿಗೆ ಹಾಕಿದರು. ಕಚೇರಿ ಅಂದರೆ ಒಂದು ಕಂಪ್ಯೂಟರು, ಫ್ಲೆಕ್ಸ್ ಮುದ್ರಿಸುವ ಒಂದು ದೊಡ್ಡ ಯಂತ್ರ, ಮತ್ತು ಇಡೀ ಪುರಸಭೆಯೇ ಅಣ್ಣ ಎಂದು ಕರೆಯುವ ಕುಯಾ ದಿಂದೋ.

"ಫೈನ್ ಆರ್ಟ್ಸಾ, ತೊತೊಯ್?" ಚಿಕ್ಕ ಹುಡುಗರನ್ನೆಲ್ಲ ಅವರು ಹಾಗೇ ಕರೆಯುವುದು.

"ಯೆಸ್ ಸರ್. ವಿಷುಯಲ್ ಕಮ್ಯುನಿಕೇಷನ್, ಸರ್."

"ಇಂಗ್ಲಿಷಲ್ಲೇ ಬೆವರ್ತೀಯಲ್ಲೋ ಹುಡುಗಾ. ಕೂತ್ಕೋ. ಫ್ಲೆಕ್ಸ್ ಮಾಡೋಕೆ ಬರುತ್ತಾ?"

ಬರುವುದಿಲ್ಲ ಅಂದೆ.

"ಯಾರಿಗೂ ಬರಲ್ಲ. ಹೆಸರು ದೊಡ್ಡದಾಗಿ ಹಾಕು. ಉಳಿದಿದ್ದೆಲ್ಲ ತಾನಾಗೇ ಚಿಕ್ಕದಾಗುತ್ತೆ."

ಸೆಪ್ಟೆಂಬರ್ 5, ಮಂಗಳವಾರ

ನಾಯಿಗಳಿಗೆ ಹುಚ್ಚಿನ ಲಸಿಕೆ ಹಾಕುವ ಶಿಬಿರದ ಫ್ಲೆಕ್ಸ್ ಮಾಡಿದೆ. ಮೂರರಲ್ಲಿ ಎರಡು ಪಾಲು ಮೇಯೋರಾ ಹೆಸರು, ಉಳಿದ ಪಾಲಿನಲ್ಲಿ ಅರ್ಧ ಮೇಯೋರಾ ಮುಖ, ಮಿಕ್ಕದ್ದರಲ್ಲಿ ನಾಯಿ. ದಿನ, ಸಮಯ, ಜಾಗ ಮೂರೂ ನಾಯಿಯ ಬಾಲದ ಕೆಳಗೆ. ಜಾಗದ ಹೆಸರನ್ನು ಒಂದು ಚೂರು ದೊಡ್ಡದು ಮಾಡಬಹುದೇ ಎಂದು ಕೇಳಲು ಬೆಳಗಿನಿಂದ ಧೈರ್ಯ ಕೂಡಿಸಿದೆ. ಮಧ್ಯಾಹ್ನ ಕೇಳಿದೆ.

"ಜಾಗ ಎಲ್ಲಿ ಅಂತ ಊರಿಗೆಲ್ಲ ಗೊತ್ತು," ಅಂದರು ಕುಯಾ ದಿಂದೋ. "ಬಾಸ್ಕೆಟ್‌ಬಾಲ್ ಕೋರ್ಟು. ಸಾನ್ ತೆಲ್ಮೋದಲ್ಲಿ ಬೇರೆ ಜಾಗ ಇದ್ಯಾ?"

ಕೋರ್ಟಿಗೆ ತಗಡಿನ ಚಾವಣಿ ಇದೆ. ಮದುವೆ, ಮತದಾನ, ಪ್ರವಾಹ, ಶವ, ಎಲ್ಲಕ್ಕೂ ಅದೇ.

"ಅದಲ್ಲ ಕುಯಾ, ದಿನಾಂಕನಾದ್ರೂ..."

"ನಾಯಿ ಓದುತ್ತಾ?"

ನಾನು ಸಾರಿ ಅಂದೆ. ನಾಯಿಯ ಪರವಾಗಿ ಯಾಕೆ ಸಾರಿ ಕೇಳಿದೆನೋ ತಿಳಿಯದು.

ಸೆಪ್ಟೆಂಬರ್ 19, ಮಂಗಳವಾರ

ಕಾಲೇಜಿನಲ್ಲಿ ಸಾಲ್ವೆ ಮ್ಯಾಡಮ್ ತರಗತಿಗೆ ಹೊಸ ಅಕ್ಷರಮಾಲೆ ಬರೆದು ತೋರಿಸಬೇಕಿತ್ತು. ಬಸ್ಸಿನ ಹಾಗೆ ಜನ ಸಾಗಿಸುವ ಜೀಪ್ನಿಗಳ ಮುಂದಿನ ಗಾಜಿಗೆ ಒರಗಿಸುವ ಊರಿನ ಹೆಸರಿನ ಹಲಗೆಗಳಿವೆಯಲ್ಲ, ಅವನ್ನು ನೋಡಿ ಬರೆದೆ. ಸಣ್ಣ ಹಲಗೆ, ಉದ್ದ ಹೆಸರು, ದೂರದಿಂದ ಕಾಣಬೇಕು, ಚಪ್ಪಟೆ ಕುಂಚದಲ್ಲಿ ಬೇಗ ಮುಗಿಯಬೇಕು. ಹಾಗಾಗಿ ನನ್ನ ಅಕ್ಷರಗಳೆಲ್ಲ ಎತ್ತರ, ದಪ್ಪ, ಇಕ್ಕಟ್ಟು. ಎಲ್ಲೂ ದುಂಡಿಲ್ಲ. 'ಓ' ಶವಪೆಟ್ಟಿಗೆಯ ಹಾಗೆ ಮೂಲೆ ಕತ್ತರಿಸಿಕೊಂಡು ನಿಂತಿದೆ. 'ಎಸ್' ಮುರಿದ ಮೆಟ್ಟಿಲು. ಒಂದರ ಭುಜ ಇನ್ನೊಂದರ ಪಕ್ಕೆಲುಬಿಗೆ. ಜೀಪ್ನಿಗೆ ಜನ ತುಂಬುವವನು ಇಪ್ಪತ್ತನೆಯ ಪ್ರಯಾಣಿಕನನ್ನು ಒಳಗೆ ನೂಕುವಾಗ ಕೂಗುವ ಮಾತನ್ನೇ ಹೆಸರಾಗಿ ಇಟ್ಟೆ: ಸಿಕ್‌ಸಿಕ್, ಒತ್ತಿ ಕೂರಿ.

ಮ್ಯಾಡಮ್ ಕನ್ನಡಕ ಏರಿಸಿ ನೋಡಿದರು. "ಇದು ಮಾತಾಡೋ ಅಕ್ಷರ ಅಲ್ಲ, ಬೈಯೋ ಅಕ್ಷರ. ಆದ್ರೆ ಬೈಗುಳ ಸ್ವಚ್ಛವಾಗಿದೆ." ಅಂಕ ಮಾತ್ರ ಸುಮಾರು. ಆ ಹಾಳೆ ಚೀಲದಲ್ಲೇ ಇತ್ತು. ಕಚೇರಿಯಲ್ಲಿ ಬಿಸ್ಕತ್ ತೆಗೆಯುವಾಗ ಹೊರಗೆ ಬಿತ್ತು, ಕುಯಾ ದಿಂದೋ ಎತ್ತಿಕೊಂಡರು. ಒಂದೊಂದು ಅಕ್ಷರದ ಅಗಲವನ್ನೂ ಬೆರಳಲ್ಲಿ ಅಳೆದರು.

"ತೊತೊಯ್, ಆಂಬುಲೆನ್ಸ್ ಬಾಗಿಲಿಗೆ ಮೇಯೋರಾ ಕೊನ್ಸೋರ್ಸಿಯಾ ಎವಾಂಜೆಲಿಸ್ತಾ ಲಗುಂದಿನೊ ಅಂತ ಪೂರ್ತಿ ಹೆಸರು ಒಂದೇ ಸಾಲಲ್ಲಿ ಹಿಡಿಸೋಕೆ ನಾನು ನಾಲ್ಕು ವರ್ಷದಿಂದ ಒದ್ದಾಡ್ತಿದೀನಿ."

ಸೆಪ್ಟೆಂಬರ್ 22, ಶುಕ್ರವಾರ

ಮೇಯೋರಾ ಸ್ವತಃ ಬಂದರು. ಎದ್ದು ನಿಂತೆ, ಕುರ್ಚಿ ಬಿತ್ತು. ಸಿಕ್‌ಸಿಕ್‌ನಲ್ಲಿ ಹೆಸರು ಬರೆದ ಆಂಬುಲೆನ್ಸಿನ ಬಾಗಿಲನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಬೆರಳಿನಿಂದ ಸವರಿದರು.

"ದಿಂದೋ, ಇದ್ರಲ್ಲಿ ನಾನು ತೆಳ್ಳಗೆ ಕಾಣ್ತೀನಿ."

"ಹೌದು ಮೇಯೋರಾ. ಎತ್ತರಾನೂ."

"ಯಾರು ಬರೆದಿದ್ದು?"

ಕುಯಾ ದಿಂದೋ ನನ್ನ ಬೆನ್ನಿಗೆ ಕೈಹಾಕಿ ಮುಂದೆ ತಳ್ಳಿದರು. ಮೇಯೋರಾ ನನ್ನ ಗಲ್ಲ ಹಿಡಿದು, "ಜಾಣ ಮಗ. ಡಿಸೆಂಬರಲ್ಲಿ ನೆನಪು ಮಾಡು," ಅಂದರು. ಡಿಸೆಂಬರಲ್ಲಿ. ಅಂದರೆ ಸಹಿ. ಇಂಗ್ಲಿಷಿನಲ್ಲಿ ಏನೋ ಅಂದೆ, ಏನೆಂದು ಈಗ ನೆನಪಿಲ್ಲ. ಬಹುಶಃ ಹ್ಯಾಪಿ ಬರ್ತ್‌ಡೇ.

ಅಕ್ಟೋಬರ್ 6, ಶುಕ್ರವಾರ

ಸಿಕ್‌ಸಿಕ್ ಈಗ ಎಲ್ಲ ಕಡೆ ಇದೆ. ಬಸ್ ತಂಗುದಾಣ, ಕಸದ ಡ್ರಮ್ಮು, ಶಾಲೆಯ ಬೆಂಚಿನ ಬೆನ್ನು, ಶುಶ್ರೂಷಾ ಪರೀಕ್ಷೆ ಪಾಸಾದವರಿಗೆ ಅಭಿನಂದನೆ ಹೇಳುವ ಫ್ಲೆಕ್ಸ್. ಪಾಸಾದ ಹುಡುಗಿಯ ತಂದೆ ಬಂದು, ಮಗಳ ಹೆಸರು ಎಲ್ಲಿ ಅಂತ ಕೇಳಿದ. ತೋರಿಸಿದೆ. ಬಗ್ಗಿ ನೋಡಿ, ಸಂತೋಷ ಅಂದ.

ಇವತ್ತು ನಾನೇ ಒಂದು ಉಪಾಯ ಕೊಟ್ಟೆ. ಮೇಯೋರಾಗಿಂತ ಮುಂಚೆ ಅವರ ಗಂಡ ಮೇಯರು, ಅವರಿಗಿಂತ ಮುಂಚೆ ಗಂಡನ ಅಣ್ಣ, ಮುಂದಿನ ಸಲ ಮಗ ಅಂತ ಎಲ್ಲರಿಗೂ ಗೊತ್ತು. ಲಗುಂದಿನೊ ಅನ್ನುವುದನ್ನು ಕಬ್ಬಿಣದಲ್ಲಿ ಕತ್ತರಿಸಿ ಶಾಶ್ವತವಾಗಿ ಕೂಡಿಸಿ, ಮೊದಲ ಹೆಸರಿಗೆ ಮಾತ್ರ ಬಿಚ್ಚುವ ಹಲಗೆ ಇಟ್ಟರೆ? ಕುಯಾ ದಿಂದೋ ನನ್ನನ್ನು ಅಪ್ಪಿಕೊಂಡರು. "ನೀನು ಇಲ್ಲೀತನಕ ಎಲ್ಲಿದ್ದೆ?" ಅಂದರು. ಹಾಸ್ಟೆಲಿನಲ್ಲಿ ಅಂದೆ. ನಾನು ತಮಾಷೆ ಮಾಡಿದೆ ಅಂದುಕೊಂಡು ನಕ್ಕರು. ತುಂಬ ಹೊತ್ತು ನಕ್ಕರು. ಚೆನ್ನಾಗಿತ್ತು.

ಅಕ್ಟೋಬರ್ 17, ಮಂಗಳವಾರ

ಅರವತ್ತೊಂದು ಗಂಟೆ. ಆರೋಗ್ಯ ಕೇಂದ್ರದ ನರ್ಸ್ ಬಂದು ಡೆಂಗ್ಯೂ ಫ್ಲೆಕ್ಸಿನಲ್ಲಿ ರೋಗದ ಲಕ್ಷಣ ಓದಲಾಗುತ್ತಿಲ್ಲ ಅಂದಳು. ಜ್ವರ ಬಂದವರು ಹೇಗೂ ನಿಮ್ಮ ಹತ್ತಿರ ಬರುತ್ತಾರೆ, ಆಗ ಬಾಯಲ್ಲಿ ಹೇಳಿ ಅಂದೆ. ಕೂತೇ ಹೇಳಿದೆ. ಎದ್ದು ನಿಲ್ಲಲು ಮರೆತಿದ್ದು ಆಮೇಲೆ ಹೊಳೆಯಿತು.

ಅಮ್ಮನ ಮೂರು ಮೆಸೇಜ್ ಬಂದಿವೆ. ಭಾನುವಾರ ಉತ್ತರಿಸಬೇಕು.

ನವೆಂಬರ್ 2, ಗುರುವಾರ

ಸತ್ತವರ ಹಬ್ಬಕ್ಕೆ ಸ್ಮಶಾನದ ಬಾಗಿಲಿಗೆ ಕಟ್ಟಿದ ಫ್ಲೆಕ್ಸಿನ ಬಗ್ಗೆ ಊರೆಲ್ಲ ಮಾತು. ಜಾತ್ರೆಯ ಫ್ಲೆಕ್ಸಿನ ಮೇಲೇ ಹೂವು ಬದಲಿಸಿ, ಮೇಣದಬತ್ತಿ ಸೇರಿಸಿ ಮಾಡಿದ್ದೆ. ಒಳಗೆ ಹೋಗುವಾಗ 'ಎಲ್ಲರಿಗೂ ಸ್ವಾಗತ', ಹೊರಗೆ ಬರುವಾಗ 'ಮತ್ತೆ ಬನ್ನಿ, ಲಗುಂದಿನೊ ಕುಟುಂಬ ನಿಮಗಾಗಿ ಕಾದಿರುತ್ತದೆ'. ಒಬ್ಬ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು ಬೇಲಿ ಹಾರಿ ಹೋದಳಂತೆ.

ಆಗಸ್ಟಿನಲ್ಲಾಗಿದ್ದರೆ ನಾನು ಜ್ವರ ಬಂದು ಮಲಗುತ್ತಿದ್ದೆ. ಇವತ್ತು ಹೋಗಿ ನೋಡಿದೆ. ರಸ್ತೆಯ ಆ ತುದಿಯಿಂದಲೂ ಓದಲಿಕ್ಕಾಗುತ್ತದೆ. ಆದರೆ ಲಗುಂದಿನೊದಲ್ಲಿ 'ಎಲ್' ಆದಮೇಲೆ ಬರುವ 'ಎ' ಸ್ವಲ್ಪ ದೂರ ನಿಂತಂತೆ ಕಾಣುತ್ತದೆ. ಎಲ್‌ನ ಕಾಲು ಆ ಕಡೆ ಚಾಚಿದೆ, ಎ-ನ ತಲೆ ಈ ಕಡೆ ಕಿರಿದು. ನಡುವೆ ಸುಮ್ಮನೆ ಗಾಳಿ. ಇಡೀ ಹೊತ್ತು ಅದೇ ಕಣ್ಣಿಗೆ ಚುಚ್ಚುತ್ತಿತ್ತು. ಅಪ್ಪನ ಗೋರಿಗೆ ಮೇಣದಬತ್ತಿ ಹಚ್ಚಲು ಪುಂತಾಗೆ ಹೋಗಲಾಗಲಿಲ್ಲ.

ನವೆಂಬರ್ 14, ಮಂಗಳವಾರ

ಬಿರುಗಾಳಿ. ವಿದ್ಯುತ್ ಇಲ್ಲ. ಫ್ಲೆಕ್ಸುಗಳನ್ನೆಲ್ಲ ಬಿಚ್ಚಿ ಒಳಗಿಟ್ಟೆವು. ಮೇಯೋರಾ ಅವರ ಮುಖ ನೆನೆಯದ ಹಾಗೆ ನಾಲ್ಕು ಜನ ಹೊತ್ತೆವು.

ನವೆಂಬರ್ 15, ಬುಧವಾರ

ಸರೋವರ ಉಕ್ಕಿದೆ. ಪುಂತಾಗೆ ರಸ್ತೆಯಿಲ್ಲ, ದೋಣಿ ಮಾತ್ರ. ಅಮ್ಮನ ಮೆಸೇಜ್: 'ನೀರು ಮೂರನೇ ಮೆಟ್ಟಿಲಿಗೆ. ಅಟ್ಟದ ಮೇಲಿದೀವಿ, ಪಕ್ಕದ ಮನೆಯವರೂ ಬಂದಿದಾರೆ. ಅಕ್ಕಿ ನಾಳೆವರೆಗೆ ಸಾಕು.'

ನಾಳೆವರೆಗೆ ಸಾಕು ಅಂದರೆ ನಾಳೆ ಸಂಜೆ ದೋಣಿ ಹೋಗಬೇಕು. ಕೋರ್ಟಿನಲ್ಲಿ ಆಗಲೇ ಅಕ್ಕಿ ಇಳಿಸಿದ್ದಾರೆ. ನಾನೇ ಕಣ್ಣಾರೆ ನೋಡಿದೆ, ಗೋಡೆಯ ಹಾಗೆ ಚೀಲದ ಮೇಲೆ ಚೀಲ. ಅಮ್ಮನಿಗೆ ಬರೆದೆ: 'ಅಕ್ಕಿ ಬಂದಿದೆ. ನಾನಿದೀನಿ.'

ನವೆಂಬರ್ 16, ಗುರುವಾರ

ಬೆಳಗ್ಗೆ ಆರಕ್ಕೇ ಕೋರ್ಟಿಗೆ ಹೋದೆ. ಮನೆಗೊಂದು ಪೊಟ್ಟಣ: ಮೂರು ಕಿಲೋ ಅಕ್ಕಿ, ನಾಲ್ಕು ಡಬ್ಬಿ ಮೀನು, ನೂಡಲ್ಸು. ಹತ್ತು ಗಂಟೆಗೆಲ್ಲ ಎರಡು ಸಾವಿರ ಪೊಟ್ಟಣ ಸಿದ್ಧ. ದೋಣಿಯವರು ಮೆಟ್ಟಿಲಲ್ಲಿ ಕೂತು ಸಿಗರೇಟು ಸೇದುತ್ತಿದ್ದರು. ಸ್ಟಿಕರ್ ಅಂಟಿಸುವುದೊಂದೇ ಬಾಕಿ.

ಅಂಟಿಸದೆ ಕಳಿಸಬಹುದಾ ಎಂದು ಅಡುಗೆಯ ಹೆಂಗಸೊಬ್ಬಳು ಕೇಳಿದಳು. ಕುಯಾ ದಿಂದೋ ಸಮಾಧಾನವಾಗಿ ವಿವರಿಸಿದರು. "ಸ್ಟಿಕರ್ ಇಲ್ದಿದ್ರೆ ಅದು ಬರೀ ಅಕ್ಕಿ, ಅಕ್ಕಾ."

ಬೆಳಗ್ಗೆಯಷ್ಟೇ ವಿದ್ಯುತ್ ಬಂದಿತ್ತು; ಕಚೇರಿಗೆ ಹೋದೆ, ಮೊದಲ ಹಾಳೆ ಯಂತ್ರದಿಂದ ಬಂತು. ನೋಡಿದೆ. ಎಲ್ ಮತ್ತು ಎ ನಡುವೆ ಟ್ರೈಸಿಕಲ್ ಹೋಗುವಷ್ಟು ಸಂದು. ಸಣ್ಣ ಗಾತ್ರದಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಎರಡು ಸಾವಿರ ಮನೆ, ಎರಡು ಸಾವಿರ ಸಲ ಅದೇ ತಪ್ಪು, ಮೇಲಾಗಿ ಮೇಯೋರಾ ಕೈಯಲ್ಲಿ ಹಿಡಿದು ಫೋಟೋ ಬೇರೆ. ಸಹಿಗೆ ಇನ್ನು ಎರಡು ವಾರ.

"ಕುಯಾ, ಇದನ್ನ ಹೀಗೆ ಕಳಿಸೋಕಾಗಲ್ಲ."

"ಏನಾಗಿದೆ?"

"ಸಂದು ನೋಡಿ."

ಅವರು ನೋಡಿದರು. ಅವರಿಗೆ ಕಾಣಲಿಲ್ಲ, ಆದರೆ ಕಂಡಂತೆ ತಲೆಯಾಡಿಸಿದರು. "ನೀನು ಹೇಳಿದ್ಮೇಲೆ ಆಯ್ತು. ಓದಿದೋನು ನೀನು."

ಮೊದಲಿಂದ ಜೋಡಿಸಿದೆ. ಎಲ್‌ನ ಕಾಲು ಮೊಟಕು ಮಾಡಿದೆ, ಎ-ನ ಪಾದ ಅದರೊಳಗೆ ತೂರಿಸಿದೆ. ಆಗ ಮುಂದಿನ 'ಜಿ' ಒಂಟಿಯಾಯಿತು. ಅದನ್ನು ಸರಿಸಿದೆ. ಎರಡು ಗಂಟೆಗೆ ಮುದ್ರಣ ಶುರು, ಮೂರಕ್ಕೆ ವಿದ್ಯುತ್ ಹೋಯಿತು. ಮಧ್ಯೆ ಯಾರೋ ಸರೋವರದ ಕಡೆಯಿಂದ ದೋಣಿ ಹೊಡೆದುಕೊಂಡು ಬಂದು ಅಕ್ಕಿ ಯಾವಾಗ ಅಂತ ಕೋರ್ಟಿನ ಬಾಗಿಲಲ್ಲಿ ಕೇಳಿದರಂತೆ. ಅಲ್ಲಿನ ಕಾವಲಿನವನು ಕಚೇರಿಗೆ ಬಂದು ಏನು ಹೇಳಲಿ ಅಂದ. ನಾನು ತಲೆ ಎತ್ತಲಿಲ್ಲ, ಕೈಯಲ್ಲಿ ಅಳತೆ ಪಟ್ಟಿ ಇತ್ತು.

"ಅಕ್ಷರ ನೋಡ್ತಿದಾರೆ ಅಂತ ಹೇಳು," ಅಂದರು ಕುಯಾ ದಿಂದೋ.

ನವೆಂಬರ್ 17, ಶುಕ್ರವಾರ

ವಿದ್ಯುತ್ ಬಂದಿದ್ದು ಮಧ್ಯಾಹ್ನ. ಸ್ಟಿಕರು ಒಣಗಿ ಅಂಟಿಸಿ ಮುಗಿಯುವಾಗ ದೋಣಿ ಬಿಡುವ ಹೊತ್ತು ಮೀರಿತ್ತು. ಆದರೆ ಬಂದಿದೆ ನೋಡು, ಎಷ್ಟು ಬಿಗಿಯಾಗಿ ಬಂದಿದೆ. ಉಗುರು ತೂರುವುದಿಲ್ಲ.

ಅಮ್ಮ ಮೆಸೇಜ್ ಮಾಡಿಲ್ಲ. ಚಾರ್ಜ್ ಇರಲಿಕ್ಕಿಲ್ಲ.

ನವೆಂಬರ್ 18, ಶನಿವಾರ

ದೋಣಿಗಳು ಹೋದವು. ಮೊದಲ ದೋಣಿಯಲ್ಲಿ ಮೇಯೋರಾ, ಫೋಟೋದವನು, ಮತ್ತು ಫೋಟೋಗೆ ಬೇಕಾದಷ್ಟು ಪೊಟ್ಟಣ. ಎರಡನೆಯದರಲ್ಲಿ ಅಕ್ಕಿ. ಫೋಟೋ ನೋಡಿದೆ: ಸಂದು ಕಾಣುವುದೇ ಇಲ್ಲ.

ನವೆಂಬರ್ 26, ಭಾನುವಾರ

ನೀರು ಇಳಿದಿದೆ ಅಂತ ಪುಂತಾಗೆ ಹೋದೆ. ಮನೆಯ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ. ಅಮ್ಮ ಸೊರಗಿದ್ದಾಳೆ. ಅಂಗಳದಲ್ಲಿ ಮೀನಿನ ಬಲೆ ಹಾಸುತ್ತಿದ್ದವಳು ನನ್ನನ್ನು ನೋಡಿ ಕೈ ಒರೆಸಿಕೊಂಡಳು. ಅನ್ನಕ್ಕಿಟ್ಟಳು. ಪಕ್ಕದ ಮನೆಯ, ದೋಣಿ ನಡೆಸುವ ಇತ್ರಿಂಗ್ ಮಾಮ ಬಂದು ಮೆಟ್ಟಿಲಲ್ಲಿ ಕೂತರು. ನಾನು ಊಟಕ್ಕೆ ಕೂತೆ.

"ನಿಂಗೊಂದು ಕೇಳ್ಬೇಕಿತ್ತು," ಅಂದಳು ಅಮ್ಮ. "ಗುರುವಾರ ನಮ್ಮ ಅಕ್ಕಿ ಮುಗೀತು. ಅಟ್ಟದಲ್ಲಿ ಒಂಬತ್ತು ಜನ, ಅದ್ರಲ್ಲಿ ನಾಲ್ಕು ಮಕ್ಕಳು. ಇವ್ನು ಆ ಗಾಳೀಲಿ ದೋಣಿ ಹೊಡ್ಕೊಂಡು ಕೋರ್ಟಿಗೆ ಹೋದ. ಪೊಟ್ಟಣ ಕಟ್ಟಿ ಇಟ್ಟಿದ್ರಂತೆ."

"ಸಾಲಾಗಿ," ಅಂದರು ಇತ್ರಿಂಗ್ ಮಾಮ. "ಕೈ ಚಾಚಿದ್ರೆ ಸಿಗೋ ಹಾಗೆ. ಕೊಡ್ರಪ್ಪಾ ಅಂದೆ. ಅಕ್ಷರ ನೋಡ್ತಿದಾರೆ, ಆಮೇಲೆ ಬಾ ಅಂದ್ರು."

"ಅಕ್ಷರ ನೋಡ್ತಿದಾರಂತೆ," ಅಂದಳು ಅಮ್ಮ. "ಎರಡು ದಿನ. ಮಕ್ಕಳಿಗೆ ಹಸಿ ಬಾಳೆಕಾಯಿ ಬೇಯಿಸಿ ಕೊಟ್ಟೆ, ಉಪ್ಪಿಲ್ಲದೆ. ಉಪ್ಪೆಲ್ಲ ನೀರಾಗಿತ್ತು. ಆಗ ನಾನು ಒಂದು ಮಾತು ಅಂದೆ, ಪಾಪ ಬಂದ್ರೆ ಬರ್ಲಿ. ಆ ಅಕ್ಷರ ನೋಡೋನು ಯಾರೋ, ಅವ್ನ ತಾಯಿ ಅವ್ನಿಗೆ ಒಂದು ದಿನಾನಾದ್ರೂ ಉಪವಾಸ ಹಾಕಿದ್ರೆ ಹಾಗೆ ಮಾಡ್ತಿರ್ಲಿಲ್ಲ. ತಪ್ಪು ಆ ತಾಯೀದು."

ಬಾಯಲ್ಲಿ ಅನ್ನ ಇತ್ತು.

"ನೀನು ಅಲ್ಲೇ ಇರ್ತೀಯಲ್ಲ. ಯಾರವ್ನು?"

"ಗೊತ್ತಿಲ್ಲ ಇನಾಯ್," ಅಂದೆ ಅಮ್ಮನಿಗೆ. "ದೊಡ್ಡ ಕಚೇರಿ."

"ಗೊತ್ತಾದ್ರೆ ಹೇಳು," ಅಂದು ಇನ್ನೊಂದು ಸೌಟು ಅನ್ನ ಹಾಕಿದಳು. ಅದನ್ನೂ ತಿಂದೆ.

ನವೆಂಬರ್ 27, ಸೋಮವಾರ

ನೂರಾ ಎಂಟು ಗಂಟೆ. ಅರ್ಜಿ ಜೇಬಿನಲ್ಲೇ ಇದೆ. ಬುಧವಾರ ಕೋರ್ಟಿನಲ್ಲಿ ಚಾವಣಿ ತಗಡು ಹಂಚುತ್ತಾರೆ, ಮೇಯೋರಾ ಬರುತ್ತಾರೆ, ಆಗ ಸಹಿ ಮಾಡಿಸಿಕೋ ಅಂದರು ಕುಯಾ ದಿಂದೋ. ವೇದಿಕೆಯ ಹಿಂದಿನ ಫ್ಲೆಕ್ಸ್ ನನ್ನದೇ ಜವಾಬ್ದಾರಿ. ಹನ್ನೆರಡಡಿ ಅಗಲ.

ಸಂಜೆಯವರೆಗೂ ಖಾಲಿ ಪರದೆ ನೋಡುತ್ತ ಕೂತಿದ್ದೆ.

ನವೆಂಬರ್ 28, ಮಂಗಳವಾರ

ಮಾಡಿದೆ. ಏನೆಂದು ಇಲ್ಲಿ ಬರೆದಿಡುತ್ತೇನೆ.

'ಅಕ್ಕಿ ತಡವಾದದ್ದು ಒಂದು ಅಕ್ಷರದ ಸಂದಿಗಾಗಿ. ತಡ ಮಾಡಿಸಿದವನು ನಾನು. ತಪ್ಪಾಯಿತು. ಜೋವಿತ್ ಮನಲಸ್ತಾಸ್, ಪುಂತಾ.'

ಹೆಸರಿನ ಗಾತ್ರಕ್ಕೆ ತುಂಬ ಯೋಚಿಸಿದೆ. ದೊಡ್ಡದು ಮಾಡಿದರೆ ನಾನೂ ಚುನಾವಣೆಗೆ ನಿಂತಂತೆ, ಚಿಕ್ಕದು ಮಾಡಿದರೆ ಬಚ್ಚಿಟ್ಟುಕೊಂಡಂತೆ. ಕೊನೆಗೆ ತಪ್ಪಾಯಿತು ಅನ್ನುವುದಕ್ಕೆ ಮೂರರಲ್ಲಿ ಎರಡು ಪಾಲು ಕೊಟ್ಟು ಹೆಸರನ್ನು ಒಂದಡಿ ಎತ್ತರಕ್ಕೆ ನಿಲ್ಲಿಸಿದೆ. ಸಿಕ್‌ಸಿಕ್ ಅಲ್ಲದೆ ಬೇರೆ ಅಕ್ಷರ ಕಚೇರಿಯಲ್ಲಿ ಇಲ್ಲ. ಕುಯಾ ದಿಂದೋಗೆ ಒಪ್ಪಿಗೆಗೆ ಫೋನಿಗೆ ಕಳಿಸಿದೆ. ಅಲ್ಲಿ ಅದು ಹೆಬ್ಬೆರಳಿನ ಉಗುರಷ್ಟು. ಅರ್ಧ ನಿಮಿಷಕ್ಕೆ ಉತ್ತರ ಬಂತು: 'ಚೆನ್ನಾಗಿದೆ. ಮುದ್ರಿಸು.'

ನಾಳೆ ಸಹಿ ಸಿಗುವುದಿಲ್ಲ. ಇದು ಇಂಗ್ಲಿಷಿನಲ್ಲೂ ತಲೆಗೆ ಬಂತು, ನಮ್ಮ ಭಾಷೆಯಲ್ಲೂ ಬಂತು. ಎರಡರಲ್ಲೂ ಒಂದೇ ಅರ್ಥ.

ನವೆಂಬರ್ 29, ಬುಧವಾರ

ಬೆಳಗ್ಗೆ ಏಳಕ್ಕೆ ಕಟ್ಟಿದರು. ಕಟ್ಟಿದವರು ಮೂವರು, ಮೂವರೂ ಗಂಟಿನ ಕಡೆಯೇ ನೋಡುತ್ತಿದ್ದರು. ಎಂಟಕ್ಕೆ ಜನ ಬಂದರು. ಆರು ನೂರು ಜನ ಆ ಫ್ಲೆಕ್ಸಿಗೆ ಎದುರಾಗಿ ಕೂತರು. ಹಿಂದೆ ಕಂಬಕ್ಕೆ ಒರಗಿ ಕಾದೆ. ಒಬ್ಬ ಮುದುಕ ಫ್ಲೆಕ್ಸಿನ ಕಡೆ ಬೆರಳು ತೋರಿಸಿ ಪಕ್ಕದವನಿಗೆ ಏನೋ ಅಂದ. ಕಿವಿಗೊಟ್ಟೆ.

"ದಪ್ಪ ಸರಕು. ಮಳೆ ಸೋರಲ್ಲ."

ಮೇಯೋರಾ ಒಂಬತ್ತಕ್ಕೆ ಬಂದರು. ವೇದಿಕೆ ಹತ್ತಿ, ಹಿಂದೆ ನಿಂತ ಅಕ್ಷರಗಳ ಎತ್ತರವನ್ನು ಒಮ್ಮೆ ನೋಡಿ, ತೃಪ್ತಿಯಿಂದ ತಲೆಯಾಡಿಸಿ, ತಪ್ಪಾಯಿತು ಅನ್ನುವುದರ ನಟ್ಟನಡುವೆ ನಿಂತು ತಗಡು ಹಿಡಿದು ನಕ್ಕರು. ಫೋಟೋದವನು, "ಇನ್ನೊಂದು, ಮೇಯೋರಾ. ಹೆಸರು ಪೂರ್ತಿ ಬರ್ಲಿ," ಅಂದ. ಅವರು ಪಕ್ಕಕ್ಕೆ ಸರಿದರು. ಪೂರ್ತಿ ಬಂತು.

ಇಳಿಯುವಾಗ ಅರ್ಜಿ ಹಿಡಿದು ಹೋದೆ. ಅವರು ತಗಡಿನ ರಾಶಿಯ ಮೇಲೆ ಕಾಗದ ಇಟ್ಟು ಪೆನ್ನು ತೆಗೆದರು.

"ನಿನ್ನ ಹೆಸರೇನು ಮಗನೇ?"

"ಜೋವಿತ್, ಮೇಯೋರಾ. ಜೋವಿತ್ ಮನಲಸ್ತಾಸ್."

ಅವರ ತಲೆಯ ಹಿಂದೆ ಅದು ಒಂದಡಿ ಎತ್ತರಕ್ಕಿತ್ತು.

"ಒಳ್ಳೆ ಹೆಸರು," ಅಂದರು. "ಎಲ್ಲೂ ಕೇಳಿಲ್ಲ." ಸಹಿ ಹಾಕಿದರು.

ನವೆಂಬರ್ 30, ಗುರುವಾರ

ರಜೆ. ಆದರೂ ಕುಯಾ ದಿಂದೋ ಕರೆಸಿದರು. ಕಂಪ್ಯೂಟರಿನಲ್ಲಿ, ಪುರಸಭೆಯ ಪುಟಕ್ಕೆ ಹಾಕಿದ್ದ ನಿನ್ನೆಯ ಫೋಟೋ ದೊಡ್ಡದು ಮಾಡಿಕೊಂಡು ಕೂತಿದ್ದರು. ಮುಖ ಸುಣ್ಣವಾಗಿತ್ತು. ಫೋಟೋಗೆ ಮೂರು ಸಾವಿರ ಹೃದಯ, ಇನ್ನೂರು ಕಡೆ ದೇವರು ಒಳ್ಳೇದು ಮಾಡಲಿ ಮೇಯೋರಾ, ಒಂದು ಕಡೆ ತಗಡು ಎಷ್ಟು ದಪ್ಪ ಅನ್ನುವ ಪ್ರಶ್ನೆ.

"ತೊತೊಯ್, ಇದು ನಮ್ಮಲ್ಲೇ ಮುದ್ರಿಸಿದ್ದಾ?"

"ಹೌದು ಕುಯಾ. ನಿಮಗೆ ಕಳಿಸಿದ್ದೆ."

ಇನ್ನೊಮ್ಮೆ ಓದಿದರು, ತುಟಿ ಆಡಿಸಿಕೊಂಡು. "ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ಒಬ್ರೂ?"

"ಒಬ್ರೂ ಇಲ್ಲ."

ಫೋಟೋ ಪುಟದಿಂದ ತೆಗೆದುಹಾಕೋಣವಾ ಅಂತ ನಾನೇ ಕೇಳಿದೆ.

"ಬೇಡ. ತೆಗೆದ್ರೆ ಓದ್ತಾರೆ." ಆಮೇಲೆ ಮೆಲ್ಲಗೆ, "ಫ್ಲೆಕ್ಸ್ ಎಲ್ಲಿದೆ?"

ಕಾರ್ಯಕ್ರಮ ಮುಗಿಯುತ್ತಲೇ ಯಾರೋ ಬಿಚ್ಚಿಕೊಂಡು ಹೋದರು ಅಂದೆ. ಅವರು ಉಸಿರು ಬಿಟ್ಟರು.

ಡಿಸೆಂಬರ್ 3, ಭಾನುವಾರ

ಬೆಳಗ್ಗೆ ಪುಂತಾಗೆ ಬಂದು ನೋಡಿದರೆ ಫ್ಲೆಕ್ಸ್ ನಮ್ಮ ಅಂಗಳದಲ್ಲಿದೆ.

ತಗಡು ತರಲು ಅಮ್ಮನೂ ಇತ್ರಿಂಗ್ ಮಾಮನೂ ಬುಧವಾರ ಕೋರ್ಟಿಗೆ ಬಂದಿದ್ದರಂತೆ, ಕಟ್ಟಕಡೆಯ ಸಾಲಿನಲ್ಲಿದ್ದರಂತೆ. ಜನ ಮುಗಿಬೀಳುವ ಮೊದಲೇ ಇತ್ರಿಂಗ್ ಮಾಮ ಹಗ್ಗ ಕೊಯ್ದರಂತೆ. ಮೀನಿನ ಬಲೆಯ ಪಕ್ಕ ಅದನ್ನು ಸುತ್ತಿ ಇಟ್ಟಿದ್ದರು, ಅಕ್ಷರ ಒಳಗಾಗಿ.

"ಒಳ್ಳೆ ಸರಕು," ಅಂದಳು ಅಮ್ಮ. "ಮಳೆ ಬಂದ್ರೆ ಮೀನಿನ ಮೇಲೆ ಹೊದಿಸ್ತೀನಿ."

"ಅದ್ರಲ್ಲಿ ಏನು ಬರೆದಿದೆ ನೋಡಿದ್ಯಾ ಇನಾಯ್?"

"ಏನು ನೋಡೋದು. ಎಲ್ಲಾದ್ರಲ್ಲೂ ಒಂದೇ ಹೆಸರು ತಾನೆ."

ಸಹಿಯಾದ ಅರ್ಜಿ ತೋರಿಸಿದೆ. ಅದನ್ನು ಮಾತ್ರ ಬೆಳಕಿಗೆ ಹಿಡಿದು, ಬೆರಳಿಟ್ಟು, ಕೊನೆಯ ಚುಕ್ಕೆಯವರೆಗೆ ಓದಿದಳು. ಅಕ್ಕಿ ಡಬ್ಬದ ಮೇಲೆ ಇಟ್ಟು ಅದರ ಮೇಲೆ ಸೇರು ಬೋರಲು ಹಾಕಿದಳು, ಗಾಳಿಗೆ ಹಾರದ ಹಾಗೆ. ನಾನು ಇನ್ನೂ ನಿಂತೇ ಇದ್ದೆ.

"ಇನಾಯ್, ಅಕ್ಷರ ನೋಡ್ತಿದ್ದೋನು ನಾನು."

ಅಷ್ಟೇ ಹೇಳಿದೆ. ಕೇಳಿಸಲಿಲ್ಲವೇನೋ ಅನ್ನುವಷ್ಟು ಸಣ್ಣ ದನಿ. ಅವಳು ನನ್ನನ್ನು ನೋಡಲಿಲ್ಲ. ಹೊರಗೆ ಸರೋವರದ ಮೇಲೆ ಮೋಡ ಕಪ್ಪಾಗುತ್ತಿತ್ತು. ಬಲೆಯ ಹತ್ತಿರ ಹೋದಳು, ಫ್ಲೆಕ್ಸಿನ ಒಂದು ತುದಿ ಎತ್ತಿದಳು.

"ಆ ತುದಿ ಹಿಡ್ಕೋ."

ಹಿಡಿದುಕೊಂಡೆ. ಇಬ್ಬರೂ ಬಿಚ್ಚಿ ಮೀನಿನ ಮೇಲೆ ಹರಡಿದೆವು. ಅಕ್ಷರ ಕೆಳಗಾಯಿತು. ನಾಲ್ಕೂ ಮೂಲೆಗೆ ಕಲ್ಲಿಟ್ಟೆವು. ಮಳೆ ಬಂತು. ಒಳಗೆ ಬಂದು ಅವಳು ಒಲೆಯ ಮುಂದೆ ಕೂತಳು, ಬೆಂಕಿಕಡ್ಡಿ ಕೈಯಲ್ಲೇ ಇತ್ತು. ಆಮೇಲೆ ಅದನ್ನು ಪೆಟ್ಟಿಗೆಯೊಳಗೆ ಹಾಕಿದಳು.

"ಹಾಗಾದ್ರೆ ಆ ತಾಯಿಗೆ ನಾನು ಅಂದಿದ್ದು ನನಗೇ," ಅಂದಳು. "ಸರಿ. ಇವತ್ತು ಒಲೆ ಹಚ್ಚಲ್ಲ. ನೀನೂ ಇಲ್ಲ, ನಾನೂ ಇಲ್ಲ."

ಈಗ ಸಂಜೆ ಐದು. ಬೆಳಗಿನಿಂದ ಇಬ್ಬರೂ ಏನೂ ತಿಂದಿಲ್ಲ. ಪಕ್ಕದ ಮನೆಯವರು ಮೀನು ಹುರಿಯುತ್ತಿದ್ದಾರೆ, ಬೆಳ್ಳುಳ್ಳಿ ಹಾಕಿ. ಕಿಟಕಿ ಮುಚ್ಚಲಾ ಅಂತ ಕೇಳಿದೆ. ತೆಗೆದೇ ಇರಲಿ ಅಂದಳು.